ಕುರಿಗಳ ಮುಂದೆ ಎತ್ತಿದ ಎಡಗೈ

ರಕ್ತ ನೋಡುವವರಿಗೂ ಕೈಕಾಲು ನೋಡುವವರಿಗೂ ನಮ್ಮ ಆಸ್ಪತ್ರೆಯಲ್ಲಿ ಮೊದಲಿನಿಂದ ಅಷ್ಟಕ್ಕಷ್ಟೇ. ಅವರು ಮೇಲಿನ ಮಹಡಿಯ ತಣ್ಣನೆಯ ಕೋಣೆಯಲ್ಲಿ ಕೂತು ಗಾಜಿನ ಕೊಳವೆಗಳ ಜೊತೆ ಸಂಸಾರ ಮಾಡುತ್ತಾರೆ. ನಾವು ಫಿಜಿಯೊಥೆರಪಿಯವರು ಕೆಳಗೆ ಸೋಲಾಪುರದ ಸೆಕೆಯಲ್ಲಿ ಬೆವರುತ್ತ, ರೋಗಿಗಳನ್ನು ಎತ್ತಿ, ನಿಲ್ಲಿಸಿ, ಗದರಿ, ಮುದ್ದು ಮಾಡಿ ನಡೆಸುತ್ತೇವೆ. ಇಂಥ ಎರಡು ಪಂಗಡಗಳನ್ನು ಒಂದೇ ನೊಗಕ್ಕೆ ಕಟ್ಟುವ ಅಧ್ಯಯನವೊಂದು ಶುರುವಾದಾಗ, ಇದು ಜಗಳದಲ್ಲೇ ಮುಗಿಯುತ್ತದೆಂದು ನಾನು ಮೊದಲ ದಿನವೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವಿಷಯ ಸರಳ. ಲಕ್ವಾ ಹೊಡೆದಾಗ ಮಿದುಳಿನ ನರತಂತುಗಳು ಮುರಿಯುತ್ತವೆ. ಮುರಿದ ತಂತುಗಳಿಂದ ಒಂದು ಬಗೆಯ ಪ್ರೋಟೀನ್ ಸೋರಿ ರಕ್ತಕ್ಕೆ ಸೇರುತ್ತದೆ. ಹೆಚ್ಚು ಮುರಿದಿದ್ದರೆ ಹೆಚ್ಚು, ಕಡಿಮೆ ಮುರಿದಿದ್ದರೆ ಕಡಿಮೆ. ಹಾಗಾದರೆ ಮೊದಲ ದಿನಗಳ ರಕ್ತ ನೋಡಿ, ಈ ಮನುಷ್ಯನ ಕೈ ಮುಂದೆ ಏಳುತ್ತದೋ ಇಲ್ಲವೋ ಹೇಳಬಹುದೆ? ಇದು ನಮ್ಮ ಪ್ರಶ್ನೆ. ರಕ್ತದ ಅಂಕಿ ಪ್ರಯೋಗಾಲಯದ ಡಾಕ್ಟರ ಹತ್ತಿರ, ಕೈಯ ಅಂಕ ನನ್ನ ಹತ್ತಿರ. ಅವರದು ನನಗೆ ಗೊತ್ತಾಗಬಾರದು, ನನ್ನದು ಅವರಿಗೆ ಗೊತ್ತಾಗಬಾರದು. ಗೊತ್ತಾದರೆ, ಬೇಡವೆಂದರೂ ಮನಸ್ಸು ಒಂದು ಕಡೆ ವಾಲುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಹಕ್ಕು ಅಧ್ಯಯನದ ಮುಖ್ಯಸ್ಥರಾದ ನರರೋಗ ತಜ್ಞರಿಗೆ ಮಾತ್ರ ಇತ್ತು.

ಪ್ರಯೋಗಾಲಯದ ಡಾಕ್ಟರು ಮರಾಠಿ ಮನೆಯ ಹೆಂಗಸು. ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಸಿಟ್ಟು ಬಂದಾಗ ಮಾತ್ರ ಅದನ್ನು ಹೊರಗೆ ತೆಗೆಯುತ್ತಾರೆ. ನನ್ನ ಜೊತೆ ಅವರು ದಿನವೂ ಕನ್ನಡ ಮಾತಾಡುತ್ತಿದ್ದರು.

ಮೊದಲ ಸಿಟ್ಟು ಅಕ್ಕಲಕೋಟೆ ರಸ್ತೆಯ ಕೃಪೆ. ರೋಗಿ ಆಸ್ಪತ್ರೆಯಲ್ಲಿ ಇರುವಾಗ ಒಮ್ಮೆ ರಕ್ತ ತೆಗೆಯುತ್ತೇವೆ. ಮನೆಗೆ ಹೋದ ಮೇಲೆ, ಆರನೇ ವಾರಕ್ಕೆ, ನಾನೂ ಒಬ್ಬ ನರ್ಸೂ ಅವರ ಊರಿಗೇ ಹೋಗಿ ಇನ್ನೊಮ್ಮೆ ರಕ್ತ ತೆಗೆದು ಕೈಯನ್ನೂ ಪರೀಕ್ಷೆ ಮಾಡಿ ಬರಬೇಕು. ತೆಗೆದ ರಕ್ತದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡಬೇಕು. ಆಮೇಲೆ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪು ಭಾಗ ತಳಕ್ಕೆ ಕೂತು, ಮೇಲೆ ತಿಳಿಹಳದಿ ಸೀರಂ ನಿಲ್ಲುತ್ತದೆ. ಅಳೆಯುವುದು ಅದನ್ನೇ. ನಾವು ಮೊದಮೊದಲು ಕೊಳವೆಗಳನ್ನು ಜೀಪಿನಲ್ಲಿ ಹಾಗೆಯೇ ಸೋಲಾಪುರಕ್ಕೆ ತಂದೆವು. ದಾರಿಯ ಕುಲುಕಾಟಕ್ಕೆ ಕೆಂಪು ಕಣಗಳು ಒಡೆದು ಸೀರಂಗೆಲ್ಲ ಕೆಂಬಣ್ಣ ಹಿಡಿಯಿತು.

"ನಾ ಸೀರಂ ಕೇಳಿದ್ನಿ, ನೀವು ಕೋಕಂ ಸರಬತ್ತು ಕಳ್ಸೀರಿ. ಗ್ಲಾಸ್ ಕೊಡ್ಲೇನು, ಬರ್ಫ್ ಹಾಕ್ಲೇನು?" ಎಂದು ಫೋನಿನಲ್ಲಿ ಕೇಳಿದರು.

ರಸ್ತೆ ನಾನು ಮಾಡಿಸಿದ್ದಲ್ಲ ಎಂದು ನಾನೂ ಬಿಡದೆ ಹೇಳಿದೆ. ಕೊನೆಗೆ ಅಕ್ಕಲಕೋಟೆಯಲ್ಲೇ ಒಂದು ದವಾಖಾನೆಯ ಯಂತ್ರವನ್ನು ಕೇಳಿ ಪಡೆದು, ಅಲ್ಲೇ ತಿರುಗಿಸಿ, ಸೀರಂ ಮಾತ್ರ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತರುವ ಏರ್ಪಾಡು ಮಾಡಿಕೊಂಡೆವು. ಹಳ್ಳಿಯಿಂದ ಅಕ್ಕಲಕೋಟೆವರೆಗೆ ನರ್ಸು ಕೊಳವೆಗಳ ಸ್ಟ್ಯಾಂಡನ್ನು ಹಸುಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಸೀರಂ ತಿಳಿಯಾಯಿತು. ಡಾಕ್ಟರು ಕೆಲವು ದಿನ ಮರಾಠಿ ಮಾತಾಡಿದರು.

ಇದೇ ಹೊತ್ತಿಗೆ ನಮ್ಮ ರೋಗಿಗಳಲ್ಲಿ ಒಬ್ಬರಾದ, ಅಕ್ಕಲಕೋಟೆ ಕಡೆಯ ಹನ್ನೂರಿನ ಯಜಮಾನರ ಆರನೇ ವಾರ ಬಂತು. ಅವರದು ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಹೊಲ. ಅರವತ್ತರ ಆಸುಪಾಸಿನ ಗಟ್ಟಿ ಆಳು. ಲಕ್ವಾ ಎಡಭಾಗಕ್ಕೆ ಹೊಡೆದಿತ್ತು. ಕಾಲು ಬೇಗ ಬಂದಿತ್ತು, ಮಾತಿಗೆ ಏನೂ ಆಗಿರಲಿಲ್ಲ. ಉಳಿದದ್ದು ಎಡಗೈ. ಆ ಕೈಯ ಮೇಲೆ ಅವರ ಆಸೆ ಎಷ್ಟಿತ್ತೆಂದರೆ, ವಾರ್ಡಿನಲ್ಲಿ ಇರುವಾಗಲೇ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದ್ದರು.

"ಬಲಗೈ ಬರೇ ಕತ್ರಿ ಹಿಡೀತೈತ್ರಿ ಮ್ಯಾಡಂ. ಖರೆ ಕೆಲಸ ಎಡಗೈದು. ಕುರಿ ತೊಗಲ ಬಿಗಿ ಜಗ್ಗಿ ಹಿಡೀಬೇಕು. ಹಿಡೀಲಿಲ್ಲಂದ್ರ ಕತ್ರಿ ಉಣ್ಣೆ ಬಿಟ್ಟು ಮೈನ ಕೊಯ್ತೈತಿ. ಎಡಗೈ ಬರ್ಲಿಲ್ಲಂದ್ರ ನಾ ಕುರಿ ಮುಟ್ಟಂಗಿಲ್ಲ, ಮಾರಿಬಿಡ್ತೀನಿ."

ನಮ್ಮಲ್ಲಿ ಕೈಗಾಗಿಯೇ ಒಂದು ವಿಶೇಷ ತರಬೇತಿ ಇದೆ. ಮನೆಗೇ ಹೋಗಿ ಕಲಿಸುವಂಥದ್ದು, ಹಾಗಾಗಿ ಜಾಗ ಕಡಿಮೆ, ಕಾಯುವವರು ಹೆಚ್ಚು. ಆರನೇ ವಾರದ ಪರೀಕ್ಷೆಯಲ್ಲಿ ಕೈ ಒಂದು ಮಟ್ಟದ ಚಲನೆ ತೋರಿಸಿದರೆ ಆ ಜಾಗ ಅವರದು. ತೋರಿಸದಿದ್ದರೆ ಹೆಸರು ಇಳಿದು, ಮುಂದಿನವರಿಗೆ ಹೋಗುತ್ತದೆ. ಕೈ ಚೇತರಿಸಿಕೊಳ್ಳುವುದೆಲ್ಲ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ. ಆ ಹೊತ್ತು ತಪ್ಪಿದರೆ ಆಮೇಲೆ ಎಷ್ಟು ತಿಕ್ಕಿದರೂ ಅಷ್ಟು ಫಲ ಸಿಗುವುದಿಲ್ಲ. ಯಜಮಾನರಿಗೆ ಇದನ್ನೆಲ್ಲ ಹೇಳಿದ್ದೆ.

ಪರೀಕ್ಷೆ ಅವರ ಮನೆಯ ಪಡಸಾಲೆಯಲ್ಲಿ ನಡೆಯಿತು. ಒಂದು ಕುರ್ಚಿ, ಒಂದು ಮೇಜು, ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಬೇರೆ ಬೇರೆ ಅಳತೆಯ ಮರದ ತುಂಡು, ಗೋಲಿ, ಲೋಟಗಳು. ತುಂಡು ಹಿಡಿದು ಮೇಲಿಡಬೇಕು, ಒಂದು ಲೋಟದ ನೀರನ್ನು ಇನ್ನೊಂದಕ್ಕೆ ಸುರಿಯಬೇಕು, ಕೈಯನ್ನು ತಲೆಯ ಹಿಂದೆ, ತಲೆಯ ಮೇಲೆ, ಬಾಯಿಗೆ ಒಯ್ಯಬೇಕು. ನಾನು ಒಮ್ಮೆ ಮಾಡಿ ತೋರಿಸಬೇಕು, ಒತ್ತಾಯ ಮಾಡಬಾರದು. ಮನೆಯಲ್ಲಿ ಅಂದು ಜಾತ್ರೆಯಷ್ಟು ಜನ. ಯಜಮಾನರನ್ನು ಮಾತಾಡಿಸಲು ಬೀಗರು ಬಂದಿದ್ದರು. ಸೊಸೆಯಂದಿರು ಬಾಗಿಲಲ್ಲಿ, ಓಣಿಯವರು ಕಟ್ಟೆಯ ಮೇಲೆ.

ಯಜಮಾನರು ಮರದ ತುಂಡನ್ನು ಹಿಡಿದರು, ಅರ್ಧ ಎತ್ತಿ, ಬೀಗರ ಕಡೆ ನೋಡಿ ಬಿಟ್ಟರು. ನೀರಿನ ಲೋಟ ಮುಟ್ಟಿ ಹಾಗೇ ಇಟ್ಟರು. ತಲೆಯ ಮೇಲೆ ಕೈ ಇಡಿ ಎಂದರೆ ನೆಲ ನೋಡಿದರು. ಬಾಯಿಗೆ ಕೈ ಒಯ್ಯಿರಿ ಎಂದು ತೋರಿಸಿದರೆ, ಕೈ ತೊಡೆಯ ಮೇಲೆ ಸತ್ತ ಮೀನಿನಂತೆ ಬಿದ್ದೇ ಇತ್ತು. ಬೀಗರು ಲೊಚಗುಟ್ಟಿದರು. ನಾನು ಸೊನ್ನೆ, ಸೊನ್ನೆ, ಸೊನ್ನೆ ಎಂದು ಬರೆದೆ. ಯಜಮಾನರ ಹೆಂಡತಿ, ಅಂದರೆ ಯಜಮಾನಿ, ಜೀಪಿನವರೆಗೆ ಬಂದು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣ ಕೈಗಿಟ್ಟು, "ಕೈ ಹೋದಂಗs ಏನ್ರಿ?" ಎಂದು ಕೇಳಿದರು. ಪರೀಕ್ಷೆಯ ಫಲ ಆಸ್ಪತ್ರೆಯವರು ತಿಳಿಸುತ್ತಾರೆ ಎಂದೆ. ನನಗೆ ಬಹಳ ಬೇಸರವಾಗಿತ್ತು. ಹಿಂಡಿ ತಿನ್ನಲೂ ಮನಸ್ಸಾಗಲಿಲ್ಲ, ನರ್ಸಿಗೆ ಕೊಟ್ಟುಬಿಟ್ಟೆ.

ಮುಂದಿನ ವಾರ ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದರು. ಕರೆದದ್ದೇ ಕೆಟ್ಟ ಸೂಚನೆ, ಯಾಕೆಂದರೆ ನಿಯಮದ ಪ್ರಕಾರ ಅವರು ನಮ್ಮಿಬ್ಬರಿಗೂ ಏನನ್ನೂ ಹೇಳಬಾರದು. "ಹನ್ನೂರಿನ ಮನುಷ್ಯನ ರಕ್ತ ನೋಡಿದರೆ ಕೈ ಬರಬೇಕು. ಕೈ ನೋಡಿದರೆ ಬಂದಿಲ್ಲ. ಬೇರೆ ಯಾರಲ್ಲೂ ಇಷ್ಟು ಅಂತರ ಇಲ್ಲ. ಎರಡರಲ್ಲಿ ಒಂದು ತಪ್ಪು," ಎಂದರು.

ಮೊದಲ ಗುಮಾನಿ ಕೊಳವೆ ಅದಲುಬದಲಾಗಿದೆ ಎಂದು. ಡಾಕ್ಟರು ಮುಖ ಬಿಗಿದುಕೊಂಡು ಮೇಲೆ ಹೋದರು. ಪ್ರತಿ ರೋಗಿಯ ಸೀರಂನ ಒಂದು ಪಾಲನ್ನು ಮುಟ್ಟದೆ ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಆಸ್ಪತ್ರೆಯಲ್ಲಿದ್ದಾಗ ತೆಗೆದದ್ದು, ಹನ್ನೂರಿನಲ್ಲಿ ತೆಗೆದದ್ದು, ಎರಡನ್ನೂ ಕರಗಿಸಿ ಮತ್ತೆ ಅಳೆದರು. ಅದೇ ಉತ್ತರ ಬಂತು. ಮೆಟ್ಟಿಲಿಳಿದು ನೇರ ನನ್ನ ವಿಭಾಗಕ್ಕೆ ಬಂದರು.

"ನನ್ನ ರಕ್ತ ಬರೋಬರ್ ಐತಿ. ಈಗ ನಿನ್ನ ಕೈ ತಪಾಸ್ ಮಾಡ್ಕೊ."

ಅಚ್ಚ ಕನ್ನಡ. ನನಗೆ ಉರಿದುಹೋಯಿತು. ಎಷ್ಟು ಕೈಗಳನ್ನು ಹಿಡಿದು ನೋಡಿದವಳು ನಾನು, ಕೈ ಎದ್ದಿತೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲವೆ? ಮರುದಿನ ಕಾಲಿನ ನಡಿಗೆ ನೋಡುವ ನೆಪ ಮಾಡಿಕೊಂಡು ಒಬ್ಬಳೇ ಹನ್ನೂರಿಗೆ ಹೊರಟೆ. ಕೈ ಬಂದಿಲ್ಲವೆಂದು ಸಾಧಿಸಿ ತೋರಿಸುವುದೇ ನನ್ನ ಉದ್ದೇಶ. ಈಗ ನೆನೆದರೆ ನಗು ಬರುತ್ತದೆ, ಒಬ್ಬರ ಕೈ ಬರಬಾರದೆಂದು ಹಟ ಹಿಡಿದು ಹೊರಟ ಫಿಜಿಯೊಥೆರಪಿಸ್ಟ್ ನಾನೊಬ್ಬಳೇ ಇರಬೇಕು.

ಮನೆಯಲ್ಲಿ ಯಜಮಾನರು ಇರಲಿಲ್ಲ. ಕುರಿಗಳ ಹತ್ತಿರ ಹೋಗಿದ್ದಾರೆ ಎಂದರು. ಜೋಳ ಕೊಯ್ದ ಹೊಲದ ಬದುವಿನ ಮೇಲೆ ನಡೆದೆ. ಕೂಳೆಯಲ್ಲಿ ಕುರಿಗಳು ಹರಡಿಕೊಂಡಿದ್ದವು. ಯಜಮಾನರು ನನ್ನ ಕಡೆಗೆ ಬೆನ್ನು ಹಾಕಿ, ಬಲಗೈಯ ಕೋಲಿಗೆ ಮೈಯ ಭಾರ ಕೊಟ್ಟು ನಿಂತಿದ್ದರು. ಒಂದು ಟಗರು ಪಕ್ಕದ ತೊಗರಿ ಹೊಲದ ಕಡೆ ಹೊರಟಿತು. ಯಜಮಾನರ ಎಡಗೈ ಮೇಲೆದ್ದಿತು. ನಿಧಾನವಾಗಿ, ಮೊಣಕೈ ಸ್ವಲ್ಪ ನಡುಗುತ್ತ, ಆದರೆ ನೇರವಾಗಿ ಬಾಯಿಯ ಬಳಿಗೆ ಹೋಯಿತು. ಬೆರಳು ಬಾಗಿ ಅರೆಬೊಗಸೆಯಾಯಿತು. "ಹುರ್ರ್ಯೋ" ಎಂದು ಕೂಗಿದರು. ಟಗರು ತಿರುಗಿತು. ಕೈ ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ.

ನಾನು ಬದುವಿನ ಮೇಲೆಯೇ ಕೂತುಬಿಟ್ಟೆ. ಬಾಯಿಗೆ ಕೈ, ಪೂರ್ಣ ಅಂಕ. ಸಂತೋಷವೂ ಆಯಿತು, ಸಿಟ್ಟೂ ಬಂತು.

"ಯಜಮಾನ್ರ, ಅವತ್ತ ಯಾಕ ಬಾಯಿಗಿ ಕೈ ಒಯ್ಲಿಲ್ಲ?" ಎಂದು ಹತ್ತಿರ ಹೋಗಿ ಕೇಳಿದೆ.

ಅವರು ಗಾಬರಿಯಾಗಲಿಲ್ಲ. "ಇದು ಕುರಿಗಿ ಕೂಗೂದ್ರಿ. ಅದು ಬ್ಯಾರೆ."

"ಹೆಂಗ ಬ್ಯಾರೆ? ಕೈ ಅದs, ಬಾಯಿ ಅದs."

"ಬೀಗರು ಕುಂತಿದ್ರು, ಸೊಸೆಂದಿರು ನಿಂತಿದ್ರು. ಅವರ ಮುಂದ ಕುಂಡಿ ತೊಳಕೊಳ್ಳೂ ಕೈ ಬಾಯಿಗಿ ಒಯ್ಯಿ, ತಲಿ ಮ್ಯಾಲ ಇಡು ಅಂದ್ರಿ. ಆ ಕೈಲೇನ ನೀರ ಸುರಿ ಅಂದ್ರಿ. ನಾ ಹಿರ್ಯಾ ಆಗಿ ಹೆಂಗ ಮಾಡ್ಲಿ?" ನನ್ನ ಮುಖ ನೋಡಿದರು. "ನೀವರ ಎಲ್ಲಿ ಮಾಡಿದ್ರಿ? ಮಾಡಿ ತೋರ್ಸೂ ಮುಂದ ನೀವು ಬಲಗೈನ ಒಯ್ದ್ರಿ. ನಿಮಗೂ ನಾಚ್ಕಿ ಬಂತಂತ ನಾ ತಿಳಕೊಂಡ್ನಿ."

ನನಗೆ ನಾಚಿಕೆ ಬಂದಿರಲಿಲ್ಲ. ಬಲಗೈ ಒಯ್ದದ್ದು ನನಗೆ ಗೊತ್ತೇ ಇರಲಿಲ್ಲ. ಹುಟ್ಟಿದಾಗಿನಿಂದ ಎಡಗೈ ಬಾಯಿಗೆ ಹೋದರೆ ಅವ್ವನ ಏಟು ಬೀಳುತ್ತಿದ್ದ ಮನೆಯಲ್ಲಿ ಬೆಳೆದವಳು, ಪರೀಕ್ಷೆ ಮಾಡುವಾಗ ಮಾತ್ರ ಎಡಗೈ ಎತ್ತುವುದು ಎಲ್ಲಿಂದ ಬಂದೀತು? ಬೇರೆ ದೇಶದಲ್ಲಿ ಹುಟ್ಟಿದ ಪರೀಕ್ಷೆ ಅದು. ಅದನ್ನು ಮಾಡಿದವರಿಗೆ ಎರಡು ಕೈಯೂ ಒಂದೇ. ನಮ್ಮಲ್ಲಿ ಒಂದು ಕೈ ದೇವರ ಕೋಣೆಯದು, ಇನ್ನೊಂದು ಬಚ್ಚಲಿನದು. ಎಡಭಾಗ ಬಿದ್ದ ಎಷ್ಟು ಜನರ ಮುಂದೆ ನಾವೆಲ್ಲ ಬಲಗೈಯಲ್ಲಿ ತೋರಿಸಿ, ಅವರು ಸುಮ್ಮನೆ ಕೂತಾಗ ಸೊನ್ನೆ ಬರೆದಿದ್ದೇವೋ ಎಂದು ಬೆರಳು ಮಡಿಚಿ ಎಣಿಸತೊಡಗಿದೆ. ಯಜಮಾನರು ಮಾತ್ರ ಆರಾಮಾಗಿ ತಂಬಾಕು ತಿಕ್ಕುತ್ತ ನಿಂತಿದ್ದರು. ಎಡ ಅಂಗೈ ಮೇಲೆ, ನೋಡಿ ಬೇಕಾದರೆ.

ಹೊಲದಿಂದಲೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಖುಷಿಯಾಗಿ, "ಅಲ್ಲೇ ಮತ್ತೊಮ್ಮೆ ಪರೀಕ್ಷೆ ಮಾಡಿ ಅಂಕ ಕಳಿಸಿ, ತರಬೇತಿಗೆ ಹೆಸರು ಕೊಡುವ ಗಡುವು ಇನ್ನೂ ಮುಗಿದಿಲ್ಲ," ಎಂದರು. ಪೆಟ್ಟಿಗೆ ಜೀಪಿನಲ್ಲೇ ಇತ್ತು. ನನಗೂ ಕೈ ತುರಿಸುತ್ತಿತ್ತು. ಆದರೆ ಆಗುವುದಿಲ್ಲ ಎಂದೆ. ರಕ್ತ ಏನು ಹೇಳುತ್ತದೆಂದು ಅವರೇ ನನ್ನ ಕಿವಿಗೆ ಹಾಕಿಯಾಗಿತ್ತು. ಈಗ ನಾನು ಕೊಡುವ ಒಂದೊಂದು ಅಂಕವನ್ನೂ ನಾಳೆ ಯಾರಾದರೂ ಬೆರಳಿಟ್ಟು ತೋರಿಸಿ, ರಕ್ತ ನೋಡಿಕೊಂಡು ಕೊಟ್ಟದ್ದು ಎನ್ನಬಹುದು. ಹಾಗಾದರೆ ಯಜಮಾನರ ಜಾಗಕ್ಕೂ ಕುತ್ತು. ಏನೂ ಗೊತ್ತಿಲ್ಲದ ಇನ್ನೊಬ್ಬರು ಬಂದು ನೋಡಬೇಕು, ನಾನು ಬಾಯಿ ಮುಚ್ಚಿಕೊಂಡಿರಬೇಕು. ಎರಡನೆಯದು ಸಾಧ್ಯವೇ ಎಂದು ಮುಖ್ಯಸ್ಥರು ಕೇಳಿದರು.

ಹಾಗೆ ಮರುದಿನ ನನ್ನ ವಿಭಾಗದ ಸಹೋದ್ಯೋಗಿಯೊಬ್ಬಳು ನನ್ನ ಜೊತೆ ಹನ್ನೂರಿಗೆ ಬಂದಳು. ಸೋಲಾಪುರ ಪೇಟೆಯ ನಡುವೆ ಬೆಳೆದವಳು, ಬಿಳಿ ಬೂಟು ಹಾಕಿಕೊಂಡು ಬಂದಿದ್ದಳು. ರಕ್ತದ ವಿಷಯ ಅವಳಿಗೆ ಏನೂ ಹೇಳಿರಲಿಲ್ಲ. ಹೇಳಿದ್ದು ಎರಡೇ ಮಾತು: ಪರೀಕ್ಷೆ ಕುರಿದೊಡ್ಡಿಯಲ್ಲಿ, ತೋರಿಸುವುದು ಎಡಗೈಯಲ್ಲಿ. ಕುರ್ಚಿ, ಮೇಜಿನ ಎತ್ತರ, ತುಂಡುಗಳು, ಕ್ರಮ, ಯಾವುದನ್ನೂ ಬದಲಿಸಲಿಲ್ಲ. ಬದಲಿಸಿದ್ದು ನೋಡುವವರನ್ನು ಮಾತ್ರ. ಯಜಮಾನಿ ಮೇಜನ್ನು ತಲೆಯ ಮೇಲೆ ಹೊತ್ತು ತಂದಿಟ್ಟು, ಹಿಂದೆ ಬಂದ ಓಣಿಯವರನ್ನು ದಾರಿಯಲ್ಲೇ ತಡೆದರು.

"ಇಲ್ಲೇನ್ ತಮಾಶಾ ನಡದಿಲ್ಲ. ಹೋಗ್ರಿ, ಮನ್ಯಾಗ ಚಾ ಇಟ್ಟೀನಿ ಕುಡೀರಿ," ಎಂದು ಅಟ್ಟಿದರು. ಚಹಾ ಇಟ್ಟಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಾನು ದೂರದ ಬೇವಿನ ಮರದಡಿ ಬೆನ್ನು ತಿರುಗಿಸಿ ಕೂತೆ. ಆದರೆ ಕಿವಿಗೆ ಏನು ಮಾಡಲಿ? ಗೋಲಿಯೊಂದು ಉರುಳಿ ಹಿಕ್ಕೆಯಲ್ಲಿ ಬಿತ್ತು. ಯಾವುದು ಗೋಲಿ, ಯಾವುದು ಹಿಕ್ಕೆ ಎಂದು ಹುಡುಕಲು ಸಹೋದ್ಯೋಗಿ ಒಪ್ಪಲಿಲ್ಲ, ಯಜಮಾನಿ ಹುಡುಕಿ ತೊಳೆದು ಕೊಟ್ಟರು. ಮರಿಯೊಂದು ಮೇಜಿನ ಬಟ್ಟೆ ಎಳೆಯಿತು. ಮತ್ತೆ ಮೊದಲಿನಿಂದ ಶುರು. ನೀರಿನ ಲೋಟದ ಸರದಿಯಲ್ಲಿ ಯಜಮಾನರು, "ಸುರದಿದ್ದು ಮರಿಗಿ ಕುಡಿಸ್ಲೇನ್ರಿ? ಸುಮ್ನ ಸುರಿಯಾಕ ಮನಸ ಬರವಲ್ದು," ಎಂದು ಕೇಳಿದರು. ಸುರಿದ ಮೇಲೆ ಯಾರಿಗಾದರೂ ಕುಡಿಸಿ ಎಂದಳು ಸಹೋದ್ಯೋಗಿ. ಕುರಿಗೆ ಎಡವೂ ಇಲ್ಲ, ಬಲವೂ ಇಲ್ಲ. ಆಮೇಲೆ, "ಬಾಯಿಗೆ ಎಡಗೈ ಒಯ್ಯಿರಿ, ಹೀಗೆ," ಎಂಬ ಅವಳ ದನಿ.

"ಹುರ್ರ್ಯೋ."

ಬಾಯಿಗೆ ಕೈ ಒಯ್ದ ಮೇಲೆ ಕೂಗದೆ ಇರುವುದು ಅವರಿಂದ ಆಗಲಿಲ್ಲ. ಹಿಂಡೆಲ್ಲ ತಿರುಗಿ ದೊಡ್ಡಿಗೆ ನುಗ್ಗಿತು. ನಾನು ತಿರುಗಿ ನೋಡಿದಾಗ ಸಹೋದ್ಯೋಗಿ ಮೇಜಿನ ಮೇಲೆ ನಿಂತಿದ್ದಳು, ಅಂಕದ ಹಾಳೆಯನ್ನು ತಲೆಯ ಮೇಲೆ ಹಿಡಿದುಕೊಂಡು. ಜೀಪಿನಲ್ಲಿ ಸೋಲಾಪುರದವರೆಗೂ ಅವಳು ನನಗೆ ಅಂಕ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅಂಥ ಮೌನವನ್ನು ನಾನು ಮದುವೆಯಲ್ಲೂ ಪಾಲಿಸಿರಲಿಲ್ಲ.

ಎರಡು ದಿನ ಬಿಟ್ಟು ಮುಖ್ಯಸ್ಥರು ತಿಳಿಸಿದರು. ಪೂರ್ಣ ಅಂಕವೇನಲ್ಲ, ಬೆರಳ ತುದಿಯ ಹಿಡಿತ ಇನ್ನೂ ದುರ್ಬಲ. ಆದರೆ ಬೇಕಾದ ಮಟ್ಟಕ್ಕಿಂತ ಸಾಕಷ್ಟು ಮೇಲೆ. ನನ್ನ ಹಳೆಯ ಸೊನ್ನೆಗಳನ್ನು ಅಳಿಸಲಿಲ್ಲ. ಅವು ಯಾಕೆ ಬಂದವು ಎಂದು ಪಕ್ಕದಲ್ಲಿ ಬರೆದು, ಎರಡನ್ನೂ ಉಳಿಸಿಕೊಂಡರು. ಎಡಭಾಗ ಬಿದ್ದ ಎಲ್ಲರನ್ನೂ ಮತ್ತೊಮ್ಮೆ, ಮನೆಯವರನ್ನು ಹೊರಗೆ ಕಳಿಸಿ, ನೋಡಬೇಕೆಂದು ತೀರ್ಮಾನವಾಯಿತು. ಪ್ರಯೋಗಾಲಯದ ಡಾಕ್ಟರು ಮೆಟ್ಟಿಲಲ್ಲಿ ಸಿಕ್ಕು, "ಮೀ ಸಾಂಗಿತಲಂ ಹೋತಂ," ನಾನು ಹೇಳಿರಲಿಲ್ಲವೆ, ಎಂದರು. ಒಬ್ಬ ರೋಗಿಯಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನು ಗಂಭೀರವಾಗಿ ಹೇಳಿದೆ. ಅದು ನಿಜವೂ ಹೌದು. ಈ ಪ್ರೋಟೀನು ಎಷ್ಟು ಮಟ್ಟಿಗೆ ಭವಿಷ್ಯ ಹೇಳುತ್ತದೆಂಬುದು ಇನ್ನೂ ಲೆಕ್ಕದಲ್ಲೇ ಇದೆ. ಆದರೆ ಆವತ್ತು ರಕ್ತ ಸರಿಯಾಗಿತ್ತು, ನಾನು ನೋಡಿದ ಕೈ ಅರ್ಧ ಮಾತ್ರ ಆಗಿತ್ತು.

ತರಬೇತಿಯಲ್ಲಿ ಮತ್ತೆ ಜಗ್ಗಾಟ. ನಮ್ಮ ಪದ್ಧತಿ ಏನೆಂದರೆ, ಒಳ್ಳೆಯ ಕೈಗೆ ದಪ್ಪನೆಯ ಚೀಲ ತೊಡಿಸಿ, ದುರ್ಬಲ ಕೈಯಿಂದಲೇ ದಿನದ ಎಲ್ಲ ಕೆಲಸ ಮಾಡಿಸುವುದು. ಊಟವನ್ನೂ. ಯಜಮಾನರು ಎದ್ದು ನಿಂತು, "ಹಂಗಂದ್ರ ಕೈ ಬ್ಯಾಡ್ರಿ ನನಗ, ಉಪಾಸ ಇರ್ತೀನಿ," ಎಂದರು. ಈ ಸಲ ನಾನು ವಾದ ಮಾಡಲಿಲ್ಲ. ಊಟದ ಹೊತ್ತಿಗೆ ಚೀಲ ಬಿಚ್ಚುವುದು, ಉಳಿದ ಹೊತ್ತೆಲ್ಲ ದೊಡ್ಡಿಯಲ್ಲಿ ಕಟ್ಟಿಕೊಂಡೇ ಇರುವುದು ಎಂದು ಒಪ್ಪಂದವಾಯಿತು. ಆಸ್ಪತ್ರೆಯ ಚೀಲ ಚುಚ್ಚುತ್ತದೆಂದು ಯಜಮಾನಿ ಹಳೆಯ ಕಂಬಳಿಯ ತುಂಡಿನಿಂದ ಒಂದು ಹೊಲಿದರು. ಮರಿಗೆ ಹಾಲು ಕುಡಿಸುವುದು, ಸೊಪ್ಪು ಮುರಿಯುವುದು, ಹಗ್ಗ ಬಿಚ್ಚುವುದು, ಕುರಿಯ ಬೆನ್ನಿನ ತೊಗಲನ್ನು ಚಿವುಟಿ ಎಳೆದು ಬಿಡುವುದು, ಇವೇ ವ್ಯಾಯಾಮ. ಕೊನೆಯದನ್ನು ಕುರಿಗಳು ಬಹಳ ಸಹಿಸಿಕೊಂಡವು.

ಉಣ್ಣೆ ಕತ್ತರಿಸುವ ದಿನಕ್ಕೆ ಬರಲೇಬೇಕೆಂದು ಕರೆ ಬಂತು. ಅಧ್ಯಯನದ ಕೊನೆಗೆ ಇನ್ನೊಮ್ಮೆ ತೆಗೆಯಬೇಕಿದ್ದ ರಕ್ತವನ್ನೂ ಅಂದೇ ತೆಗೆಯೋಣವೆಂದು ಹೊರಟಾಗ ಪ್ರಯೋಗಾಲಯದ ಡಾಕ್ಟರು ತಾವೇ ಜೀಪು ಹತ್ತಿದರು. ಕೊಳವೆ ಕುಲುಕುವುದು ಹೇಗೆಂದು ಕಣ್ಣಾರೆ ನೋಡಬೇಕಂತೆ. ಈ ರೋಗಿಯ ಮಟ್ಟಿಗೆ ನಮ್ಮಿಬ್ಬರ ನಡುವೆ ಮುಚ್ಚಿಡುವುದೇನೂ ಉಳಿದಿರಲಿಲ್ಲ. ಮನೆಯಲ್ಲಿ ಮತ್ತೆ ಅದೇ ಬೀಗರು, ಅದೇ ಓಣಿಯವರು, ಈ ಸಲ ಯಾರನ್ನೂ ಅಟ್ಟಲಿಲ್ಲ. ಯಜಮಾನರು ಕುರಿಯನ್ನು ಕೆಡವಿ, ಮೊಣಕಾಲು ಊರಿ ಕೂತರು. ಬಲಗೈಯಲ್ಲಿ ಕತ್ತರಿ. ಎಡಗೈ ಕುರಿಯ ಪಕ್ಕೆಯ ಮೇಲೆ ಕೂತು, ಬೆರಳು ಅಗಲಿಸಿ, ತೊಗಲನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು. ಕತ್ತರಿ ಕರಕರ ಎಂದಿತು. ಡಾಕ್ಟರು ನನ್ನ ಮುಂಗೈ ಹಿಡಿದುಕೊಂಡಿದ್ದನ್ನು ನಾನು ಆಮೇಲೆ ಗಮನಿಸಿದೆ. ಉಣ್ಣೆ ಒಂದೇ ಹಾಳೆಯಂತೆ ಮಡಚಿಕೊಂಡು ಬಿತ್ತು, ಕುರಿ ಎದ್ದು ಮೈ ಕೊಡವಿ ಓಡಿತು. ಮೈಮೇಲೆ ಒಂದು ಗೀರೂ ಇರಲಿಲ್ಲ. ನನಗೆ ಅಳು ಬಂತು, ಬಿಸಿಲಿಗೆಂದು ಹೇಳಿ ಕಣ್ಣು ಒರೆಸಿಕೊಂಡೆ.

ಹೊರಡುವ ಮುಂಚೆ ಯಜಮಾನರು ನಮ್ಮನ್ನು ನಿಲ್ಲಿಸಿದರು. ಕುರಿಗಾರರ ದೇವರು ಬೀರೋಬನ ಭಂಡಾರ ಹಚ್ಚದೆ ಕಳಿಸುವಂತಿಲ್ಲ ಎಂದು ಯಜಮಾನಿ ಅರಿಸಿನದ ಬಟ್ಟಲು ತಂದರು. ಡಾಕ್ಟರು ಕಣ್ಣು ಮುಚ್ಚಿ ಹಣೆ ಕೊಟ್ಟರು. ಆಮೇಲೆ ನನ್ನ ಸರದಿ. ಮೂಗಿಗೆ ಪುಡಿ ತಾಗಿ ಸೀನು ಬರುವಂತಾಗಿ ನಾನು ಹಿಂದೆ ಸರಿದೆ. ಯಜಮಾನರು ಬಲಗೈಯ ಬೆರಳನ್ನು ಭಂಡಾರದಲ್ಲಿ ಅದ್ದಿಕೊಂಡೇ, ಬೀಗರೆಲ್ಲರ ಎದುರು, ಎಡಗೈಯನ್ನು ನನ್ನ ತಲೆಯ ಹಿಂದೆ ಹಾಕಿ ಗಟ್ಟಿಯಾಗಿ ಹಿಡಿದರು. ಐದು ಬೆರಳೂ ಬೇರೆ ಬೇರೆಯಾಗಿ ತಲೆಗೆ ಗೊತ್ತಾದವು.

"ಅಲಗ್ಯಾಡಬ್ಯಾಡ್ರಿ," ಎಂದರು. ನನಗೆ ಅಲುಗಾಡಲು ಆಗಲೂ ಇಲ್ಲ.